ಮಣ್ಣು ಒದ್ದೆ ಇದ್ರೂ ಕಲಾಥಿಯಾ ಎಲೆ ಸುರುಳಿ ಸುತ್ತುತ್ತಿದೆ, ಏನ್ಮಾಡೋದು?

ಎಲೆಮರೆ:
ಗಿಡ ಕಲಾಥಿಯಾ ಆರ್ಬಿಫೋಲಿಯಾ, ಎಲೆಯ ಅಂದಕ್ಕೆ ಮನೆಯೊಳಗೆ ಇಡೋ ಗಿಡ. 20 ಸೆಂ.ಮೀ. ಅಗಲದ ಪ್ಲಾಸ್ಟಿಕ್ ಕುಂಡ, ತಳದಲ್ಲಿ ಒಂದೇ ತೂತು, ಅದರ ಮೇಲೆ ಒಂದು ಪದರ ಜಲ್ಲಿ, ಉಳಿದದ್ದೆಲ್ಲ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಜತೆ ಒಂಚೂರು ಕಾಂಪೋಸ್ಟ್. ಕಿಟಕಿಯಿಂದ 2 ಮೀಟರ್ ಒಳಗಿದೆ. ಹಗಲು ಹೊತ್ತಲ್ಲೂ ಎಲೆ ಉದ್ದಕ್ಕೆ ಸುರುಳಿ ಸುತ್ತಿಕೊಂಡಿರುತ್ತೆ. ಅಂಚು ಕಂದಾಗಿ ಗರಿಗರಿ. ಬುಡದ ಎರಡು ಎಲೆ ಪೂರ್ತಿ ಹಳದಿ. ಹೊಸ ಎಲೆ ಅರ್ಧ ಬಿಚ್ಚಿ ಅಲ್ಲೇ ನಿಂತುಬಿಟ್ಟಿದೆ. ಬೆರಳಿಟ್ಟು ನೋಡಿದ್ರೆ ಮಣ್ಣು ಒದ್ದೆ.

ಒಬ್ಬರು ನೀರು ಜಾಸ್ತಿ ಅಂತಾರೆ, ಇನ್ನೊಬ್ಬರು ಕಡಿಮೆ ಅಂತಾರೆ, ಮತ್ತೊಬ್ಬರು ಹವೆ ಒಣಗಿದೆ ಅಂತಾರೆ. ಮೂರರ ಲಕ್ಷಣವೂ ಒಟ್ಟಿಗೇ ಕಾಣ್ತಿದ್ರೆ ಯಾವುದನ್ನ ನಂಬೋದು?

ತುಂತುರು:
ಕಲಾಥಿಯಾ ಅಂದ್ರೆ ತೇವ ಬೇಡೋ ಗಿಡ. ದಿನಕ್ಕೆ ಮೂರು ಸಲ ಎಲೆ ಮೇಲೆ ನೀರು ಸಿಂಪಡಿಸಿ, ಸುರುಳಿ ಬಿಚ್ಚಿಕೊಳ್ಳುತ್ತೆ.

ಬೇರುಬಿಳಲು:
ಸಿಂಪಡಿಸೋ ಮೊದಲು ಗಿಡವನ್ನ ಕುಂಡದಿಂದ ಹೊರಗೆ ತೆಗೀರಿ. ಒಣ ಮಣ್ಣಲ್ಲಿ ಎಲೆ ಸುರುಳಿಯಾದ್ರೆ ಬಾಯಾರಿಕೆ. ಒದ್ದೆ ಮಣ್ಣಲ್ಲಿ ಸುರುಳಿಯಾದ್ರೂ ಬಾಯಾರಿಕೆಯೇ, ಆದ್ರೆ ಆಗ ನೀರು ಕುಡಿಯೋಕೆ ಬೇರೇ ಉಳಿದಿಲ್ಲ ಅಂತ ಅರ್ಥ. ಎರಡರಲ್ಲೂ ಎಲೆ ಒಂದೇ ತರ ಕಾಣುತ್ತೆ, ಅದಕ್ಕೇ ಜನ ಮೋಸ ಹೋಗೋದು. ಎರಡನೆಯದಕ್ಕೆ ಮತ್ತೆ ನೀರು ಹಾಕಿದ್ರೆ ಕಥೆ ಮುಗೀತು.

ಹೊರಗೆ ತೆಗೆದ ಮೇಲೆ ಹೀಗೆ ನೋಡಿ: ಒಂದು ಬೇರನ್ನ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಎಳೀರಿ. ಗಟ್ಟಿ ಇದ್ದು ಬಿಳಿ ಅಥವಾ ತಿಳಿ ಕಂದು ಬಣ್ಣ ಇದ್ರೆ ಜೀವ ಇದೆ. ಮೇಲಿನ ಸಿಪ್ಪೆ ಕಳಚಿ ಕೈಗೆ ಬಂದು ಒಳಗೆ ದಾರದಂಥ ಎಳೆ ಮಾತ್ರ ಉಳಿದ್ರೆ ಅದು ಸತ್ತ ಬೇರು. ಬರೀ ಬಣ್ಣ ನೋಡಿ ತೀರ್ಮಾನ ಮಾಡ್ಬೇಡಿ, ಕೊಕೊಪೀಟ್ ಒಳ್ಳೆ ಬೇರಿಗೂ ಕಂದು ಬಣ್ಣ ಹಿಡಿಸುತ್ತೆ. ಹಿಡಿದು ನೋಡಿದ್ರೇ ಗೊತ್ತಾಗೋದು. ಕಲಾಥಿಯಾ ಬೇರಲ್ಲಿ ಅಲ್ಲಲ್ಲಿ ಗೋಲಿಯಂಥ ಗಂಟು ಸಿಕ್ಕಿದ್ರೆ ಗಾಬರಿಯಾಗ್ಬೇಡಿ, ಅದು ನೀರು ಕೂಡಿಡೋ ಗೆಡ್ಡೆ, ರೋಗ ಅಲ್ಲ.

ಒಣಮಾತು:
@ತುಂತುರು ಸಿಂಪಡಿಸಿದ ನೀರು ಆರೋಕೆ ಎಷ್ಟು ಹೊತ್ತು ಬೇಕು ಹೇಳಿ? ಹತ್ತು-ಹದಿನೈದು ನಿಮಿಷ. ಆಮೇಲೆ ಹವೆ ಮೊದಲಿದ್ದ ಹಾಗೇ. ಗಾಳಿ ಆಡದ ಮೂಲೆಯಲ್ಲಿ ಎಲೆ ಸದಾ ಒದ್ದೆ ಇದ್ರೆ ಬ್ಯಾಕ್ಟೀರಿಯಾ ಚುಕ್ಕೆರೋಗಕ್ಕೆ ನೀವೇ ಕರೆದು ಮಣೆ ಹಾಕಿದ ಹಾಗೆ.

ತುಂತುರು:
> ಆಮೇಲೆ ಹವೆ ಮೊದಲಿದ್ದ ಹಾಗೇ
ಹಾಗಾದ್ರೆ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ ನೀರು ತುಂಬಿಸಿ ಕುಂಡ ಇಡೋದೂ ಸುಳ್ಳಾ? ಎಲ್ಲರೂ ಮಾಡ್ತಾರಲ್ಲ.

ನೀರ್ಲೆಕ್ಕ:
ಪೂರ್ತಿ ಸುಳ್ಳಲ್ಲ, ಆದ್ರೆ ಲಾಭ ತೀರಾ ಕಡಿಮೆ. ತಟ್ಟೆಯಿಂದ ಎದ್ದ ಆವಿ ಎಲೆ ಸುತ್ತ ನಿಲ್ಲಲ್ಲ, ಇಡೀ ಕೋಣೆಗೆ ಹರಡಿ ಹೋಗುತ್ತೆ. ಎಲೆ ಹತ್ತಿರ ಹೈಗ್ರೋಮೀಟರ್ (ಹವೆಯ ತೇವ ಅಳೆಯೋ ಮೀಟರ್) ಇಟ್ಟು ನೋಡಿದ್ರೆ ಅಂಕಿ ಹೆಚ್ಚು ಕದಲೋದೇ ಇಲ್ಲ. ನಿಜವಾಗಿ ಕೆಲಸ ಮಾಡೋವು ಎರಡೇ: ಹ್ಯೂಮಿಡಿಫೈಯರ್, ಇಲ್ಲಾ ಮುಚ್ಚಿದ ಜಾಗ, ಅಂದ್ರೆ ಗಾಜಿನ ಪೆಟ್ಟಿಗೆ, ಪಾರದರ್ಶಕ ಡಬ್ಬ ಅಥವಾ ಪ್ಲಾಸ್ಟಿಕ್ ಚೀಲ. ಗಿಡಗಳನ್ನ ಗುಂಪಾಗಿ ಇಟ್ರೆ ಒಂಚೂರು ಸಹಾಯ, ಅಷ್ಟೇ.

ಇನ್ನೊಂದು ಮಾತು. ಬರೀ ಶೇಕಡಾ ನೋಡಿ ಸಮಾಧಾನ ಪಟ್ಕೋಬೇಡಿ. 22 ಡಿಗ್ರಿಯಲ್ಲಿ ಶೇ 60 ತೇವ ಇದ್ದಾಗ ಹವೆ ಎಲೆಯಿಂದ ನೀರು ಹೀರೋ ಒತ್ತಡ ಸುಮಾರು 1.06 ಕಿಲೋಪಾಸ್ಕಲ್. ಕೋಣೆ 30 ಡಿಗ್ರಿಗೆ ಏರಿ ತೇವ ಅದೇ ಶೇ 60 ಇದ್ರೆ ಆ ಒತ್ತಡ ಸುಮಾರು 1.7. ಮೀಟರ್ ಅಂಕಿ ಅದೇ, ಗಿಡದ ಕಷ್ಟ ಒಂದೂವರೆ ಪಟ್ಟಿಗೂ ಮೇಲೆ. ಎಸಿ, ಹೀಟರ್ ಅಥವಾ ಫ್ಯಾನಿನ ಗಾಳಿ ನೇರವಾಗಿ ಎಲೆಗೆ ಬೀಳ್ತಿದ್ರೆ ಇನ್ನೂ ಬೇಗ ಒಣಗುತ್ತೆ.

ಎಲೆಮರೆ:
ತೆಗೆದು ನೋಡಿದೆ. ಮೂರರಲ್ಲಿ ಎರಡು ಪಾಲು ಬೇರಿನ ಸಿಪ್ಪೆ ಕಳಚಿ ಬರ್ತಿದೆ. ತಳದ ಹತ್ತಿರ ಚರಂಡಿ ವಾಸನೆ. ಮೇಲ್ಗಡೆ ಮಣ್ಣಿನೊಳಗೆ ದಪ್ಪ ಕಾಂಡ ಇದೆ, ಅದು ಗಟ್ಟಿ ಇದೆ.

ಬೇರುಬಿಳಲು:
ಆ ದಪ್ಪ ಕಾಂಡವೇ ನಿಮ್ಮ ಬಂಡವಾಳ. ಕಲಾಥಿಯಾ ಶುಂಠಿ, ಅರಿಶಿನ ಇರೋ ಗಣಕ್ಕೇ ಸೇರಿದ್ದು, ಅದೇ ತರ ನೆಲದೊಳಗಿನ ಕಾಂಡದಿಂದ ಚಿಗುರುತ್ತೆ. ಅದು ಮೆತ್ತಗಾಗಿಲ್ಲ ಅಂದ್ರೆ ಎಲೆ ಎಲ್ಲ ಹೋದ್ರೂ ಗಿಡ ಹೋಗಿಲ್ಲ.

ಈಗ ಹಳೇ ಮಿಶ್ರಣ ಪೂರ್ತಿ ಉದುರಿಸಿ. ಬೇರನ್ನ ಕೋಣೆಯ ಬಿಸಿಗೆ ಸಮನಾದ ಹರಿಯೋ ನೀರಲ್ಲಿ ತೊಳೀರಿ, ತಣ್ಣೀರು ಬೇಡ. ಕತ್ತರಿಯನ್ನ ಶೇ 70ರ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಸಿಪ್ಪೆ ಕಳಚೋ ಬೇರನ್ನೆಲ್ಲ ಗಟ್ಟಿ ಭಾಗ ಸಿಗೋವರೆಗೂ ಕತ್ತರಿಸಿ. ಕಾಂಡದಲ್ಲಿ ಮೆತ್ತನೆ ಕಂದು ಜಾಗ ಇದ್ರೆ ಒಳಗೆ ಬಿಳಿ ಕಾಣೋ ತನಕ ಹೆರೆದು, ಒಂದೆರಡು ಗಂಟೆ ನೆರಳಲ್ಲಿ ಹಾಗೇ ಬಿಡಿ, ಗಾಯ ಆರಲಿ. ಸಣ್ಣ ಬೇರು ಮಾತ್ರ ಅಷ್ಟು ಹೊತ್ತು ಒಣಗಬಾರದು, ಅದರ ಮೇಲೆ ಒದ್ದೆ ಪಾಚಿ ಸುತ್ತಿಡಿ.

ಕುಂಡ 20 ಸೆಂ.ಮೀ. ಇನ್ನು ಬೇಡ. ಉಳಿದ ಬೇರಿನ ಸುತ್ತ ಬೆರಳಗಲ ಜಾಗ ಸಿಕ್ರೆ ಸಾಕು, ನಿಮಗೆ ಬಹುಶಃ 10 ರಿಂದ 12 ಸೆಂ.ಮೀ.ದು ಸರಿಹೋಗುತ್ತೆ. ಬೇರು ಕುಡಿಯದ ಜಾಗದಲ್ಲಿ ನೀರು ಸುಮ್ನೆ ನಿಲ್ಲುತ್ತೆ, ಕೊಳೆ ಮತ್ತೆ ಶುರುವಾಗೋದು ಅಲ್ಲಿಂದಲೇ. ಕುಂಡದ ತಳದಲ್ಲಿ ನಾಲ್ಕೈದು ತೂತು ಇರಲಿ.

ಹೊಸಚಿಗುರು:
ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಬೇರು ಅದ್ದಿ ತೆಗೆದ್ರೆ ರೋಗಾಣು ಸಾಯುತ್ತೆ ಅಂತಾರಲ್ಲ. ಶೇ 3ರದ್ದು ಒಂದು ಪಾಲು, ನೀರು ಮೂರು ಪಾಲು.

ಒಣಮಾತು:
ನೊರೆ ಬರುತ್ತೆ, ನೋಡೋಕೆ ಚೆನ್ನಾಗಿರುತ್ತೆ. ಅಷ್ಟೇ ಗುರು.

ಬೇರುಬಿಳಲು:
ಒಣಮಾತು ಒರಟಾಗಿ ಹೇಳಿದ್ರೂ ವಿಷಯ ಸರಿ. ಬೇರಲ್ಲೂ ಮಣ್ಣಿನ ಸೂಕ್ಷ್ಮಜೀವಿಗಳಲ್ಲೂ ಪೆರಾಕ್ಸೈಡನ್ನ ಒಡೆಯೋ ಕಿಣ್ವ ಇರುತ್ತೆ, ಬಿದ್ದ ತಕ್ಷಣ ಅದು ನೀರು, ಆಮ್ಲಜನಕ ಆಗಿ ಒಡೆದುಹೋಗುತ್ತೆ. ಒಳಗೆ ಕೂತ ಪೈಥಿಯಮ್, ಫೈಟಾಫ್ತೊರಾ ಅನ್ನೋ ಬೇರು ಕೊಳೆಸೋ ರೋಗಾಣುಗಳ ಎಳೆಗಳಿಗೆ ಅದು ತಲುಪಲ್ಲ. ಮೇಲಿರೋ ಎಳೇ ಬೇರು ಕೂದಲು ಮಾತ್ರ ಸುಟ್ಟುಹೋಗುತ್ತೆ, ಗಿಡಕ್ಕೆ ಈಗ ಬೇಕಾಗಿರೋದೇ ಅವು. ಹಳೇ ಕುಂಡ ತೊಳೆಯೋಕೆ ಧಾರಾಳವಾಗಿ ಬಳಸಿ.

ಚಕ್ಕೆಪುಡಿ ಬಗ್ಗೆ ಯಾರಾದ್ರೂ ಕೇಳೋ ಮೊದಲೇ ಹೇಳ್ತೀನಿ: ಕಾಂಡ ಕತ್ತರಿಸಿದ ಗಾಯಕ್ಕೆ ಹಚ್ಚಿದ್ರೆ ನಷ್ಟ ಇಲ್ಲ, ಬೇರಿಗೆ ಬೇಡ. ಎಳೇ ಬೇರನ್ನ ಒಣಗಿಸಿಬಿಡುತ್ತೆ.

ಹೊಸಚಿಗುರು:
ಸರಿ ಸರಿ. ತಳದ ಜಲ್ಲಿ? ನೀರು ಬಸಿಯೋಕೆ ಒಳ್ಳೇದಲ್ವಾ?

ನೀರ್ಲೆಕ್ಕ:
ಅದೇ ದೊಡ್ಡ ತಪ್ಪು ತಿಳಿವಳಿಕೆ. ಸಣ್ಣ ರಂಧ್ರದ ಮಿಶ್ರಣದಿಂದ ದೊಡ್ಡ ರಂಧ್ರದ ಜಲ್ಲಿಗೆ ನೀರು ಸುಲಭವಾಗಿ ಇಳಿಯಲ್ಲ, ಮೇಲಿನ ಪದರ ಹೆಚ್ಚುಕಡಿಮೆ ಪೂರ್ತಿ ತೊಯ್ದ ಮೇಲೇ ಹನಿ ಬೀಳೋದು. ಪ್ರತಿ ಕುಂಡದ ತಳದಲ್ಲೂ ನೀರು ನಿಂತ ಒಂದು ಪಟ್ಟಿ ಇದ್ದೇ ಇರುತ್ತೆ. ಆ ಪಟ್ಟಿ ಎಷ್ಟು ಎತ್ತರ ಅನ್ನೋದು ಮಿಶ್ರಣದ ಮೇಲೆ ನಿಂತಿದೆ, ಕುಂಡದ ಎತ್ತರದ ಮೇಲಲ್ಲ. ಜಲ್ಲಿ ಹಾಕಿದ್ರೆ ಪಟ್ಟಿ ಮಾಯವಾಗಲ್ಲ, ಅಷ್ಟೇ ದಪ್ಪ ಇದ್ದು ಮೇಲಕ್ಕೆ ಏರಿ ಬೇರಿನ ಹತ್ತಿರ ಬರುತ್ತೆ.

ನಂಬಿಕೆ ಬರದಿದ್ರೆ ಪಾತ್ರೆ ತೊಳೆಯೋ ಸ್ಪಂಜನ್ನ ನೀರಲ್ಲಿ ಅದ್ದಿ ಅಡ್ಡ ಹಿಡೀರಿ, ಹನಿ ನಿಲ್ಲುತ್ತೆ. ಆಮೇಲೆ ಅದೇ ಸ್ಪಂಜನ್ನ ನೆಟ್ಟಗೆ ನಿಲ್ಲಿಸಿ, ಮತ್ತೆ ನೀರು ಸುರಿಯುತ್ತೆ. ಕುಂಡವೂ ಹೀಗೇ: ಕುಳ್ಳ ಅಗಲ ಕುಂಡಕ್ಕಿಂತ ಅಷ್ಟೇ ಮಿಶ್ರಣ ಹಿಡಿಯೋ ಎತ್ತರದ್ದು ಚೆನ್ನಾಗಿ ಬಸಿಯುತ್ತೆ. ತೂತಿನಿಂದ ಮಣ್ಣು ಹೋಗದಿರಲಿ ಅಂತಾದ್ರೆ ಒಂದು ತುಂಡು ಬಲೆ ಸಾಕು.

ಎಲೆಮರೆ:
ಹಾಗಾದ್ರೆ ಮಿಶ್ರಣ ಏನು ಹಾಕಲಿ? ಕೊಕೊಪೀಟ್ ಬಿಡಬೇಕಾ?

ಗಾಜಿನಪೆಟ್ಟಿಗೆ:
ಬಿಡಬೇಕಾಗಿಲ್ಲ, ಅದೊಂದನ್ನೇ ನಂಬಬಾರದು. ಅಳತೆ ಪಾತ್ರೆ ಲೆಕ್ಕದಲ್ಲಿ ಕೊಕೊಪೀಟ್ 4 ಪಾಲು, ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಬಿಳಿ ಕಲ್ಲಿನ ಹರಳು) 3 ಪಾಲು, ಸಣ್ಣ ತೊಗಟೆ ಚೂರು 2 ಪಾಲು, ಇದ್ದಿಲು ಚೂರು ಅರ್ಧ ಪಾಲು, ಎರೆಗೊಬ್ಬರ ಅರ್ಧ ಪಾಲು. ತೊಗಟೆ 5 ರಿಂದ 10 ಮಿ.ಮೀ. ಇರಲಿ. ಪರ್ಲೈಟ್ ಧೂಳನ್ನ ಜರಡಿ ಹಿಡಿದು ಬಿಸಾಕಿ, ಅದು ಕೆಳಗಿಳಿದು ರಂಧ್ರ ಮುಚ್ಚುತ್ತೆ. ಜರಡಿ ಹಿಡಿಯೋ ಮೊದಲು ನೀರು ಚಿಮುಕಿಸಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ.

ಬೇರು ಇಷ್ಟು ಕಡಿಮೆ ಉಳಿದಿರೋವಾಗ ಎರೆಗೊಬ್ಬರನೂ ಬೇಡ, ಆಮೇಲೆ ನೋಡೋಣ.

ನೀರ್ಲೆಕ್ಕ:
ಕೊಕೊಪೀಟ್ ಇಟ್ಟಿಗೆ ನೆನೆಸಿ ನೇರ ಬಳಸೋರು ಬಹಳ ಜನ. ಅದರಲ್ಲಿ ಸೋಡಿಯಂ, ಪೊಟ್ಯಾಷಿಯಂ ಲವಣ ಉಳಿದಿರುತ್ತೆ. ನೆನೆಸಿ, ಹಿಂಡಿ, ನೀರು ಚೆಲ್ಲಿ, ಮತ್ತೆ ನೆನೆಸಿ. ಹಿಂಡಿದ ನೀರಿನ ಟಿಡಿಎಸ್ (ನೀರಲ್ಲಿ ಕರಗಿರೋ ಒಟ್ಟು ಲವಣದ ಅಳತೆ) ನೀವು ಹಾಕಿದ ನೀರಿನ ಟಿಡಿಎಸ್ ಹತ್ತಿರಕ್ಕೆ ಬರೋ ತನಕ ಮಾಡ್ಬೇಕು. ಸರಿಯಾಗಿ ಮಾಡೋರು ಕೊನೇ ಸಲ ಕ್ಯಾಲ್ಸಿಯಂ ನೈಟ್ರೇಟ್ ನೀರಲ್ಲಿ ಒಂದು ರಾತ್ರಿ ನೆನೆಸಿ ತೊಳೀತಾರೆ. ಯಾಕಂದ್ರೆ ತೊಳೆದ್ರೂ ನಾರಿಗೆ ಅಂಟಿರೋ ಸೋಡಿಯಂ ಬಿಡಲ್ಲ, ಕ್ಯಾಲ್ಸಿಯಂ ಬಂದು ಅದನ್ನ ಎಬ್ಬಿಸಿ ಕಳಿಸಬೇಕು. ಇಲ್ಲದಿದ್ರೆ ಮುಂದೆ ನೀವು ಕೊಡೋ ಕ್ಯಾಲ್ಸಿಯಂ, ಮೆಗ್ನೀಷಿಯಂ ಎಲ್ಲಾ ಕೊಕೊಪೀಟೇ ನುಂಗಿಬಿಡುತ್ತೆ.

ಬೇರುಬಿಳಲು:
ನೆಟ್ಟ ಮೇಲಿನ ಕೆಲಸ. ಒಮ್ಮೆ ನೀರು ಕೊಟ್ಟು ಪೂರ್ತಿ ಬಸಿಯಲಿ. ಕುಂಡ ಸಮೇತ ಪಾರದರ್ಶಕ ಚೀಲದೊಳಗೆ ಇಟ್ಟು ಬಾಯಿ ಸಡಿಲವಾಗಿ ಕಟ್ಟಿ. ಚೀಲ ಎಲೆಗೆ ತಾಗದ ಹಾಗೆ ಎರಡು ಕಡ್ಡಿ ಚುಚ್ಚಿ. ಬೆಳಕಿರೋ ಜಾಗ ಬೇಕು, ಬಿಸಿಲು ಮಾತ್ರ ಒಂದು ಚೂರೂ ಬೀಳಬಾರದು, ಚೀಲದೊಳಗೆ ಬಿಸಿ ಏರಿ ಎಲೆ ಬೆಂದುಹೋಗುತ್ತೆ. ದಿನಕ್ಕೆ ಒಂದು ಸಲ ಹತ್ತು ನಿಮಿಷ ಬಾಯಿ ಬಿಚ್ಚಿಡಿ. ಒಳಗೆ ಮಂಜು ಹಿಡಿದಿದ್ರೆ ಸರಿ, ಗೋಡೆ ಮೇಲೆ ನೀರು ಧಾರೆಯಾಗಿ ಇಳೀತಿದ್ರೆ ಜಾಸ್ತಿ. 24 ರಿಂದ 28 ಡಿಗ್ರಿ ಇದ್ರೆ ಬೇರು ಬೇಗ ಬಿಡುತ್ತೆ, 15ಕ್ಕಿಂತ ಕೆಳಗಿಳಿದ್ರೆ ಕೆಲಸ ನಿಂತಂತೆಯೇ.

ಹೊಸ ಸುಳಿ ಹೊರಟ ಮೇಲೆ ಒಂದೇ ಏಟಿಗೆ ಚೀಲ ತೆಗೀಬೇಡಿ. ಎರಡು ಮೂರು ದಿನಕ್ಕೊಮ್ಮೆ ಬಾಯಿ ಸ್ವಲ್ಪ ಸ್ವಲ್ಪ ಅಗಲ ಮಾಡ್ತಾ ಎರಡು ವಾರದಲ್ಲಿ ಪೂರ್ತಿ ತೆಗೀರಿ. ಚೀಲದೊಳಗೆ ಬೆಳೆದ ಎಲೆಗೆ ಮೇಣದ ಪದರ ತೆಳು, ಥಟ್ಟನೆ ಹೊರಗಿಟ್ರೆ ಅರ್ಧ ದಿನಕ್ಕೇ ಬಾಡುತ್ತೆ.

ಜರೀಹುಚ್ಚು:
ಬೇರು ಕಡಿಮೆ ಇದ್ದಾಗ ಅರ್ಧ ಎಲೆ ಕತ್ತರಿಸಬೇಕು ಅಲ್ವಾ? ಇಷ್ಟೊಂದು ಎಲೆಗೆ ನೀರು ಎಲ್ಲಿಂದ ಬರುತ್ತೆ?

ಬೇರುಬಿಳಲು:
ಚೀಲದಲ್ಲಿ ಇಡೋದಾದ್ರೆ ಬೇಡ. ಹೊಸ ಬೇರು ಬಿಡೋಕೆ ಸಕ್ಕರೆ ಬೇಕು, ಅದು ಬರೋದು ಎಲೆಯಿಂದ. ಪೂರ್ತಿ ಹಳದಿಯಾದ ಎರಡನ್ನ ಬುಡಕ್ಕೆ ಕತ್ತರಿಸಿ, ಉಳಿದಿದ್ದು ಇರಲಿ.

ಜರೀಹುಚ್ಚು:
ಒಪ್ಪಲ್ಲ ಸರ್. ಚೀಲ ಇಡೋಕಾಗದ ದೊಡ್ಡ ಗಿಡಕ್ಕೆ ಕತ್ತರಿಸದೆ ಬೇರೆ ದಾರಿನೇ ಇಲ್ಲ.

ಬೇರುಬಿಳಲು:
ಅದಕ್ಕೇ ‘ಚೀಲದಲ್ಲಿ ಇಡೋದಾದ್ರೆ’ ಅಂದಿದ್ದು. ಇಡೋಕಾಗದಿದ್ರೆ ದೊಡ್ಡ ಹಳೇ ಎಲೆ ಮೂರರಲ್ಲೊಂದು ಪಾಲು ತೆಗೀರಿ, ಅದಕ್ಕಿಂತ ಜಾಸ್ತಿ ಬೇಡ.

ಎಲೆಮರೆ:
ಆ ಅರ್ಧ ಬಿಚ್ಚಿದ ಎಲೆಯನ್ನ ಕೈಯಿಂದ ಬಿಡಿಸಬಹುದಾ? ಕಂದು ಅಂಚು ಮತ್ತೆ ಹಸಿರಾಗುತ್ತಾ?

ಒಣಮಾತು:
ಎರಡಕ್ಕೂ ಇಲ್ಲ. ಬಿಡಿಸೋಕೆ ಹೋದ್ರೆ ಹರಿಯುತ್ತೆ. ಕಂದಾದ ಜೀವಕೋಶ ಸತ್ತಿದೆ, ಮತ್ತೆ ಹುಟ್ಟಲ್ಲ. ಕತ್ತರಿಸೋದಾದ್ರೆ ಎಲೆಯ ಆಕಾರಕ್ಕೆ ಸರಿಯಾಗಿ, ಕಂದು ಗೆರೆ ಒಂದೆಳೆ ಉಳಿಸಿ ಕತ್ತರಿಸಿ. ಹಸಿರಿಗೆ ಕತ್ತರಿ ತಾಗಿದ್ರೆ ಅಲ್ಲಿ ಮತ್ತೆ ಹೊಸ ಕಂದು ಅಂಚು ಬರುತ್ತೆ.

ಗಾಜಿನಪೆಟ್ಟಿಗೆ:
ಗಿಡ ಚೇತರಿಸಿಕೊಳ್ತಿದೆಯಾ ಅಂತ ತಿಳಿಯೋಕೆ ತೊಟ್ಟು ನೋಡಿ. ತೊಟ್ಟು ಎಲೆಗೆ ಸೇರೋ ಜಾಗದಲ್ಲಿ ಗೆಣ್ಣಿನ ತರ ಉಬ್ಬಿದ ಒಂದು ಸಣ್ಣ ಭಾಗ ಇರುತ್ತೆ. ಅದರ ಒಂದು ಬದಿಯ ಕೋಶಗಳಿಗೆ ನೀರು ತುಂಬಿ, ಇನ್ನೊಂದು ಬದಿ ಖಾಲಿಯಾಗೋದ್ರಿಂದ ಎಲೆ ರಾತ್ರಿ ನೆಟ್ಟಗೆ ಏಳುತ್ತೆ, ಬೆಳಿಗ್ಗೆ ಇಳಿಯುತ್ತೆ. ಬೇರು ಕೆಟ್ಟ ಗಿಡದಲ್ಲಿ ಈ ಏಳು-ಬೀಳು ಮಂಕಾಗುತ್ತೆ. ಹೊಸ ಎಲೆ ಬರೋಕೂ ಮೊದಲೇ ಈ ಚಲನೆ ವಾಪಸ್ ಬಂದ್ರೆ ಕೆಳಗೆ ಬೇರು ನೀರು ಹಿಡೀತಿದೆ ಅಂತ ಲೆಕ್ಕ.

ಹೊಸಚಿಗುರು:
ಕಲಾಥಿಯಾ ಅನ್ನೋ ಹಾಗಿಲ್ಲ ಈಗ, ಗೊಪ್ಪೆರ್ಶಿಯಾ ಅನ್ಬೇಕಂತೆ 🙂

ಗಾಜಿನಪೆಟ್ಟಿಗೆ:
2012ರಲ್ಲಿ ಡಿಎನ್‌ಎ ಆಧಾರದಲ್ಲಿ ಬಹುಪಾಲು ಜಾತಿಗಳನ್ನ ಆ ಕುಲಕ್ಕೆ ಸೇರಿಸಿದ್ರು, ಆರ್ಬಿಫೋಲಿಯಾನೂ ಅದರಲ್ಲಿದೆ. ಮಾರೋರು, ಕೊಳ್ಳೋರು ಯಾರೂ ತಲೆ ಕೆಡಿಸಿಕೊಂಡಿಲ್ಲ. ಮುಂದೆ ಹೋಗೋಣ.

ನೀರ್ಲೆಕ್ಕ:
ನೀರಿನ ಮಾತಿಗೆ ಬರೋಣ, ಕಂದು ಅಂಚಿಗೆ ಅರ್ಧ ಕಾರಣ ಅದೇ. ಲವಣ ನೀರಿನ ಜತೆ ಎಲೆ ಅಂಚಿಗೆ ಹೋಗುತ್ತೆ, ನೀರು ಆವಿಯಾಗುತ್ತೆ, ಲವಣ ಅಲ್ಲೇ ಉಳಿಯುತ್ತೆ. ಕಲಾಥಿಯಾ, ಡ್ರಸೀನಾ, ಸ್ಪೈಡರ್ ಪ್ಲಾಂಟ್ ಮೂರಕ್ಕೂ ಫ್ಲೋರೈಡ್ ಆಗಿಬರಲ್ಲ. ಟಿಡಿಎಸ್ 100ರ ಒಳಗಿದ್ರೆ ನಿಶ್ಚಿಂತೆ, 200 ತನಕ ನಿಭಾಯಿಸಬಹುದು, 300 ದಾಟಿದ್ರೆ ಈ ಜಾತಿಗೆ ಅಂಚು ಸುಡೋದು ಹೆಚ್ಚುಕಡಿಮೆ ಖಾತ್ರಿ. ಮಳೆನೀರು ಎಲ್ಲಕ್ಕಿಂತ ಒಳ್ಳೇದು.

ತುಂತುರು:
ನಲ್ಲಿ ನೀರನ್ನ ಒಂದು ರಾತ್ರಿ ತೆರೆದಿಟ್ರೆ ಸರಿಹೋಗುತ್ತಲ್ಲ?

ನೀರ್ಲೆಕ್ಕ:
ಬರೀ ಕ್ಲೋರಿನ್ ಆದ್ರೆ ಹೋಗುತ್ತೆ, ಅಗಲ ಬಾಯಿಯ ಪಾತ್ರೆಯಲ್ಲಿ ಇಡ್ಬೇಕು. ಕ್ಲೋರಮಿನ್ (ಕ್ಲೋರಿನ್, ಅಮೋನಿಯಾ ಸೇರಿದ್ದು) ಹಾಕಿದ ನೀರಾದ್ರೆ ಹೋಗಲ್ಲ. ಫ್ಲೋರೈಡ್, ಲವಣ ಯಾವತ್ತೂ ಹೋಗಲ್ಲ. ಕುದಿಸಿದ್ರೆ ನೀರು ಆವಿಯಾಗಿ ಅವು ಇನ್ನೂ ಗಾಢ ಆಗುತ್ತೆ.

ಒಣಮಾತು:
ತಿದ್ದುಪಡಿ: ಕುದಿಸಿದ್ರೆ ಬೈಕಾರ್ಬನೇಟ್ ಗಡಸುತನ ಪಾತ್ರೆಗೆ ಬಿಳಿ ಪದರವಾಗಿ ಅಂಟಿ ಕಡಿಮೆಯಾಗುತ್ತೆ. ಫ್ಲೋರೈಡ್, ಸೋಡಿಯಂ ವಿಷಯದಲ್ಲಿ ನೀವು ಹೇಳಿದ್ದು ಸರಿ.

ನೀರ್ಲೆಕ್ಕ:
ಹೌದು, ಅದು ಸರಿ. ಹಾಗಂತ ಗಡಸು ನೀರು ಮೆದು ಮಾಡೋ ಯಂತ್ರದ ನೀರು ಹಾಕ್ಬೇಡಿ, ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತೆ. ಆರ್‌ಓ ನೀರು ಆಗುತ್ತೆ, ಆದ್ರೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಇಲ್ಲದಷ್ಟೇ. ಗೊಬ್ಬರದಲ್ಲಿ ಅವೆರಡೂ ಇರೋ ಹಾಗೆ ನೋಡ್ಕೊಳ್ಳಿ. ಟಿಡಿಎಸ್ ಮೀಟರ್ ಒಟ್ಟು ಎಷ್ಟು ಅಂತ ಹೇಳುತ್ತೆ, ಯಾವ ಲವಣ ಅಂತ ಹೇಳಲ್ಲ, ಇದೂ ನೆನಪಿರಲಿ.

ಕುಂಡದಲ್ಲಿ ಈಗಾಗಲೇ ಲವಣ ಸೇರಿದ್ರೆ, ಮೇಲ್ಮೈಯಲ್ಲಿ ಬಿಳಿ ಪುಡಿ ಕಂಡ್ರೆ, ಅದನ್ನ ಚಮಚದಲ್ಲಿ ಕೆರೆದು ತೆಗೆದು ಆಮೇಲೆ ಕುಂಡದ ಗಾತ್ರದ ಮೂರು ಪಟ್ಟು ಒಳ್ಳೇ ನೀರನ್ನ ನಿಧಾನಕ್ಕೆ ಸುರಿದು ಬಸೀರಿ. ತಟ್ಟೆಯಲ್ಲಿ ನಿಂತಿದ್ದನ್ನ ಚೆಲ್ಲಿ. ಬೇರು ಚೆನ್ನಾಗಿರೋ ಗಿಡಕ್ಕೆ ಮಾತ್ರ ಇದು, ಎಲೆಮರೆಯವರು ಈಗಲೇ ಮಾಡೋದು ಬೇಡ.

ಜರೀಹುಚ್ಚು:
ಇದೇ ಜಾಗದಲ್ಲಿ ಕೇಳಿಬಿಡ್ತೀನಿ, ಅಲೊಕೇಶಿಯಾ (ಕೆಸುವಿನ ಬಳಗದ ಗಿಡ) ಒಂದೊಂದೇ ಎಲೆ ಉದುರಿಸಿ ಕೊನೆಗೆ ಬರೀ ಬುಡ ಉಳಿಯುತ್ತಲ್ಲ, ಅದನ್ನ ಎಸೀಬೇಕಾ?

ಬೇರುಬಿಳಲು:
ಎಸೀಬೇಡಿ. ಬುಡ ಒತ್ತಿ ನೋಡಿ, ಗಟ್ಟಿ ಇದ್ರೆ ಮಲಗಿದೆ ಅಷ್ಟೇ. ತಂಪು, ಕಡಿಮೆ ಬೆಳಕು, ಬೇರಿಗೆ ಪೆಟ್ಟು ಯಾವುದಾದ್ರೂ ಆದ್ರೆ ಅದು ಹೀಗೆ ಮಾಡುತ್ತೆ. ನೀರು ತೀರಾ ಕಡಿಮೆ ಮಾಡಿ.

ಮಣ್ಣು ಕೆದಕಿದ್ರೆ ಬೇರಿಗೆ ಅಂಟಿ ಕಡಲೆ ಗಾತ್ರದ ಕಂದು ಮರಿಗೆಡ್ಡೆ ಸಿಗುತ್ತೆ. ಮೇಲಿನ ಕಾಗದದಂಥ ಸಿಪ್ಪೆ ಉಗುರಲ್ಲಿ ಬಿಡಿಸಿ, ಚೂಪು ತುದಿ ಮೇಲೆ ಬರೋ ಹಾಗೆ ಹಿಂಡಿದ ಸ್ಫ್ಯಾಗ್ನಮ್ ಪಾಚಿಯಲ್ಲಿ ಅರ್ಧ ಹೂತು ಮುಚ್ಚಳದ ಡಬ್ಬದಲ್ಲಿ 25 ರಿಂದ 28 ಡಿಗ್ರಿಯಲ್ಲಿಡಿ. ಕೆಲವು ವಾರದಲ್ಲೇ ಬೇರು ಬಿಡುತ್ತೆ, ಕೆಲವಕ್ಕೆ ತಿಂಗಳುಗಟ್ಟಲೆ ಬೇಕು. ನೀರಲ್ಲಿ ತೇಲೋ ಗೆಡ್ಡೆ, ಮೆತ್ತನೆ ಗೆಡ್ಡೆ ಬಿಸಾಕಿ. ಕೈಗೆ ಗವಸು ಹಾಕಿ, ರಸದಲ್ಲಿರೋ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಗಳು ಭಾರಿ ತುರಿಕೆ.

ಒಣಮಾತು:
ಜರೀಹುಚ್ಚು ಅಂತ ಹೆಸರಿಟ್ಕೊಂಡು ಅಲೊಕೇಶಿಯಾ ಕೇಳ್ತಿದ್ದೀರಲ್ಲ ಮಾರಾಯ್ರೆ.

ಜರೀಹುಚ್ಚು:
ಜರೀಗಿಡದ್ದು ಕೇಳೋಕೆ ಏನಿಲ್ಲ, ಹೇಳೋಕೆ ಇದೆ. ಮೇಡನ್‌ಹೇರ್ ಜರೀಗಿಡದ ಮಿಶ್ರಣ ಒಂದೇ ಒಂದು ಸಲ ಪೂರ್ತಿ ಒಣಗಿದ್ರೂ ಎಲೆ ಎಲ್ಲ ಪುಡಿಪುಡಿ. ಸತ್ತಿದೆ ಅಂತ ಬಿಸಾಕ್ತಾರೆ. ಎಲ್ಲಾ ಗರಿಗಳನ್ನ ಮಣ್ಣಿನ ಮಟ್ಟಕ್ಕೆ ಕತ್ತರಿಸಿ, ನಡುವಿನ ಸುರುಳಿ ಮೊಗ್ಗಿಗೆ ಕತ್ತರಿ ತಾಗದಿರಲಿ, ಕುಂಡವನ್ನ ಅರ್ಧ ಗಂಟೆ ನೀರಲ್ಲಿ ಕೂರಿಸಿ ಬಸೀರಿ. ಆಮೇಲೆ ಮಿಶ್ರಣ ಸದಾ ತೇವ ಇರಲಿ, ಕೆಸರಾಗ್ಬಾರದು. ಕಾಂಡಕ್ಕೆ ಜೀವ ಇದ್ರೆ ಎರಡರಿಂದ ನಾಲ್ಕು ವಾರದಲ್ಲಿ ಹೊಸ ಸುರುಳಿ ಏಳುತ್ತೆ. ಈ ಗಿಡಕ್ಕೆ ‘ಮೇಲಿನ ಎರಡು ಸೆಂಟಿಮೀಟರ್ ಒಣಗಿದ ಮೇಲೆ ನೀರು’ ಅನ್ನೋ ಸೂತ್ರ ನಡೆಯಲ್ಲ.

ಹೊಸಚಿಗುರು:
ನೀರಲ್ಲಿ ಕೂರಿಸೋದು ಯಾಕೆ? ಮೇಲಿಂದ ಹಾಕಿದ್ರೆ ಆಗಲ್ವಾ?

ನೀರ್ಲೆಕ್ಕ:
ಪೀಟ್ (ಜೌಗುನೆಲದ ಅರೆಕೊಳೆತ ಪಾಚಿ) ಪೂರ್ತಿ ಒಣಗಿದ್ರೆ ನೀರನ್ನ ಒಳಗೆ ಬಿಟ್ಕೊಳ್ಳಲ್ಲ, ಜತೆಗೆ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತೆ. ಹಾಕಿದ ನೀರು ಆ ಸಂದಿಯಲ್ಲಿ ಜಾರಿ ತಟ್ಟೆಗೆ ಬರುತ್ತೆ, ನೋಡಿದೋರು ಗಿಡ ಕುಡೀತು ಅಂದ್ಕೋತಾರೆ. ಕುಂಡ ಎತ್ತಿ ನೋಡಿದ್ರೆ ಹಗುರ. ಭಾರ ನೋಡೋ ಅಭ್ಯಾಸ ಬೆರಳಿಡೋ ಅಭ್ಯಾಸಕ್ಕಿಂತ ಒಳ್ಳೇದು, ಬೆರಳು ಮೇಲಿನದ್ದು ಮಾತ್ರ ಹೇಳುತ್ತೆ.

ಎಲೆಮರೆ:
ಬೇರು ಕತ್ತರಿಸಿ, ಹೊಸ ಮಿಶ್ರಣದಲ್ಲಿ ನೆಟ್ಟಿದ್ದೀನಿ. ಎಲೆ ತೊಳೆಯುವಾಗ ಕಂಡಿದ್ದು: ಎಲೆ ಹಿಂಬದಿ ನಡುನರದ ಪಕ್ಕ ಬಿಳಿ ಧೂಳು. ಒರೆಸಿದ್ರೆ ಬರುತ್ತೆ. ಮೇಲ್ಬದಿ ಸೂಜಿ ಚುಚ್ಚಿದ ಹಾಗೆ ತಿಳಿ ಚುಕ್ಕೆ.

ನುಸಿಬೇಟೆ:
ಚೀಲದಿಂದ ಈಗಲೇ ಹೊರಗೆ ತೆಗೀರಿ! ಬಿಳಿ ಕಾಗದ ಎಲೆ ಕೆಳಗೆ ಹಿಡಿದು ಬೆರಳಲ್ಲಿ ತಟ್ಟಿ. ಬಿದ್ದ ಚುಕ್ಕೆಗಳು ಅರ್ಧ ನಿಮಿಷದಲ್ಲಿ ನಡೆಯೋಕೆ ಶುರು ಮಾಡಿದ್ರೆ ಸ್ಪೈಡರ್ ಮೈಟ್, ಅಂದ್ರೆ ಎಲೆ ರಸ ಹೀರೋ ನುಸಿ. ಆ ಬಿಳಿ ಧೂಳು ಅವು ಕಳಚಿದ ಪೊರೆ. ಕಾಗದದ ಮೇಲೆ ಉದ್ದುದ್ದ ಕಡ್ಡಿಯಂಥವು ಬಿದ್ದು, ಎಲೆ ಮೇಲೆ ಬೆಳ್ಳಿ ಬಣ್ಣದ ತೇಪೆ, ಕರೀ ಚುಕ್ಕೆ ಇದ್ರೆ ಅದು ಥ್ರಿಪ್ಸ್ ಅನ್ನೋ ಸಣ್ಣ ಕೀಟ, ಅದರ ಲೆಕ್ಕ ಬೇರೆ.

ಎಲೆಮರೆ:
ನಡೀತಿವೆ.

ತುಂತುರು:
ನೋಡಿ, ಒಣ ಹವೆಯಿಂದಲೇ ಮೈಟ್ ಬರೋದು. ನಾನು ಹೇಳಿದ್ದು ಅದೇ.

ನುಸಿಬೇಟೆ:
ಒಣ ಬಿಸಿ ಹವೆಯಲ್ಲಿ ಬೇಗ ಹೆಚ್ಚುತ್ತೆ, ಅಷ್ಟರ ಮಟ್ಟಿಗೆ ಸರಿ. ತೇವ ಹೆಚ್ಚಿಸಿದ ಮಾತ್ರಕ್ಕೆ ಬಂದಿರೋ ಮೈಟ್ ಸಾಯಲ್ಲ.

ಎಲೆಮರೆ, ಕ್ರಮ ಹೀಗೆ. ಮಿಶ್ರಣದ ಮೇಲೆ ಪ್ಲಾಸ್ಟಿಕ್ ಹೊದಿಸಿ ಗಿಡ ಓರೆ ಹಿಡಿದು ಎಲೆಯ ಎರಡೂ ಬದಿ ನೀರಿನ ಧಾರೆಯಲ್ಲಿ ತೊಳೀರಿ, ಅರ್ಧ ಹಾವಳಿ ಇಲ್ಲೇ ಹೋಗುತ್ತೆ. ಒರೆಸಿ ಒಣಗಿದ ಮೇಲೆ ಕೀಟನಾಶಕ ಸೋಪು, ಅಂದ್ರೆ ಪೊಟ್ಯಾಷಿಯಂ ಸೋಪು, ಲೀಟರಿಗೆ 10 ರಿಂದ 20 ಮಿ.ಲೀ., ಚೀಟಿ ಮೇಲಿನ ಅಳತೆ ಬೇರೆ ಇದ್ರೆ ಅದೇ. ಪಾತ್ರೆ ತೊಳೆಯೋ ದ್ರವ ಬೇಡ, ಅದು ಎಲೆ ಮೇಣವನ್ನೇ ಕಿತ್ತುಹಾಕುತ್ತೆ. ಇಲ್ಲಾ ಬೇವಿನೆಣ್ಣೆ 5 ಮಿ.ಲೀ., ಎಣ್ಣೆ ನೀರಲ್ಲಿ ಬೆರೆಯೋಕೆ ಇದೇ ಸೋಪು 1-2 ಮಿ.ಲೀ., ಉಗುರುಬೆಚ್ಚಗಿನ ನೀರು 1 ಲೀಟರ್, ಬೆರೆಸಿದ ದಿನವೇ ಬಳಸಿ. ಮೊದಲು ಒಂದು ಎಲೆಗೆ ಹೊಡೆದು ಒಂದು ದಿನ ಕಾಯಿರಿ, ಕಲಾಥಿಯಾ ಎಲೆಗೆ ಎಣ್ಣೆ ಕೆಲವೊಮ್ಮೆ ಕಲೆ ಮಾಡುತ್ತೆ. ಸಂಜೆ ಹೊತ್ತು ಮಾಡಿ. ಎಲೆ ಹಿಂಬದಿ ತೊಯ್ದು ತೊಟ್ಟಿಕ್ಕಬೇಕು, ತಾಗದ ಮೈಟ್ ಸಾಯಲ್ಲ.

ಸೋಪು ಮೊಟ್ಟೆಗೆ ಹೆಚ್ಚೇನೂ ಮಾಡಲ್ಲ, ಅದಕ್ಕೇ ಜನ ಒಮ್ಮೆ ಹೊಡೆದು ‘ಕೆಲಸ ಮಾಡ್ಲಿಲ್ಲ’ ಅನ್ನೋದು. 27-30 ಡಿಗ್ರಿಯಲ್ಲಿ ಮೊಟ್ಟೆಯಿಂದ ಮೊಟ್ಟೆ ಇಡೋ ಹೆಣ್ಣಾಗೋಕೆ ವಾರ, ಹತ್ತು ದಿನ ಸಾಕು. ಹಾಗಾಗಿ 4-5 ದಿನಕ್ಕೊಮ್ಮೆ, ಕನಿಷ್ಠ ನಾಲ್ಕು ಸಲ. ಪಕ್ಕದ ಗಿಡಗಳಿಗೂ ಕಾಗದದ ಪರೀಕ್ಷೆ ಮಾಡಿ. ಇಷ್ಟಾಗೋ ತನಕ ಚೀಲದಲ್ಲಿ ಇಡೋದಾದ್ರೆ ಪ್ರತಿ ಸಲ ಎಲೆ ಒಣಗಿದ ಮೇಲೆ ಇಡಿ.

ಹೊಸಚಿಗುರು:
ಇಮಿಡಾಕ್ಲೋಪ್ರಿಡ್ ಮಣ್ಣಿಗೆ ಹಾಕಿದ್ರೆ ಗಿಡದೊಳಗೇ ಸೇರಿ ಎಲ್ಲಾ ಕೀಟ ಸಾಯುತ್ತಂತೆ. ಇಷ್ಟೆಲ್ಲ ಒರೆಸೋ ಗೋಜೇ ಇಲ್ಲ.

ನುಸಿಬೇಟೆ:
ಮೈಟ್ ಕೀಟ ಅಲ್ಲ, ಎಂಟು ಕಾಲಿನ ಜೇಡದ ಬಳಗ. ಇಮಿಡಾಕ್ಲೋಪ್ರಿಡ್ ಅದಕ್ಕೆ ತಟ್ಟಲ್ಲ. ಇನ್ನೂ ಕೆಟ್ಟದ್ದೇನಂದ್ರೆ, ಅದನ್ನ ಹಾಕಿದ ಮೇಲೆ ಮೈಟ್ ಹೆಚ್ಚಾದ ಉದಾಹರಣೆ ಎಷ್ಟೋ ದಾಖಲಾಗಿದೆ, ಮೈಟ್ ತಿನ್ನೋ ಕೀಟ ಸಾಯೋದೂ ಒಂದು ಕಾರಣ. ಹಿಟ್ಟುತಿಗಣೆಗೆ ಸರಿ, ಇದಕ್ಕಲ್ಲ.

ತುಂತುರು:
ಮನೆಯೊಳಗೆ ಇಷ್ಟೆಲ್ಲ ಔಷಧಿ ಹೊಡೆಯೋದಾದ್ರೆ ಗಾಳಿ ಶುದ್ಧವಾಗಲಿ ಅಂತ ಗಿಡ ಇಟ್ಟಿದ್ದಕ್ಕೆ ಏನರ್ಥ?

ಒಣಮಾತು:
ಗಾಳಿ ಶುದ್ಧ ಮಾಡುತ್ತೆ ಅನ್ನೋದು 1989ರ ನಾಸಾ ಪ್ರಯೋಗದಿಂದ ಹುಟ್ಟಿದ ಮಾತು. ಅದು ನಡೆದಿದ್ದು ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ. ಅಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2019ರಲ್ಲಿ ಲೆಕ್ಕ ಹಾಕಿದಾಗ, ಕಟ್ಟಡದಲ್ಲಿ ಸಹಜವಾಗಿ ಆಗೋ ಗಾಳಿ ಬದಲಾವಣೆಗೆ ಸಮ ಆಗಬೇಕಾದ್ರೆ ಒಂದು ಚದರ ಮೀಟರಿಗೆ 10 ರಿಂದ 1,000 ಗಿಡ ಬೇಕು ಅಂತ ಬಂತು. ಕಿಟಕಿ ತೆಗೀರಿ.

ಗಾಜಿನಪೆಟ್ಟಿಗೆ:
ಪೆಟ್ಟಿಗೆ ಅಂದ್ರಿ, ಅದಕ್ಕೇ ಒಂದು ಅಡ್ಡಮಾತು. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರ ಸುಮಾರಿಗೆ ಮುಚ್ಚಿದ ಬಾಟಲಿಯಲ್ಲಿ ಜರೀಗಿಡ ತಾನಾಗೇ ಮೊಳೆತಿದ್ದು ಕಂಡ, ಆ ಊರಿನ ಹೊಗೆಯಲ್ಲಿ ಹೊರಗಿಟ್ಟವು ಸಾಯ್ತಿದ್ದವು. 1833ರಲ್ಲಿ ಅಂಥ ಗಾಜಿನ ಪೆಟ್ಟಿಗೆಯಲ್ಲೇ ಗಿಡಗಳನ್ನ ಹಡಗಿನಲ್ಲಿ ಸಿಡ್ನಿಗೆ ಕಳಿಸಿದ, ಬದುಕಿ ತಲುಪಿದವು. ನಾವು ಕಟ್ಟೋ ಪ್ಲಾಸ್ಟಿಕ್ ಚೀಲ ಅದೇ ಉಪಾಯ.

ಎಲೆಮರೆ:
ಬೆಳಕು? 2 ಮೀಟರ್ ದೂರ ಸಾಕಾ?

ಗಾಜಿನಪೆಟ್ಟಿಗೆ:
ಸಾಲದು. ‘ನೆರಳಿನ ಗಿಡ’ ಅನ್ನೋದನ್ನ ‘ಕತ್ತಲೆ ಗಿಡ’ ಅಂತ ತಿಳ್ಕೊಂಡುಬಿಟ್ಟಿದ್ದಾರೆ. ಫೋನಿನಲ್ಲಿ ಬೆಳಕು ಅಳೆಯೋ ಲಕ್ಸ್ ಆ್ಯಪ್ ನಿಖರ ಅಲ್ಲ, ಆದ್ರೆ ಹೋಲಿಸೋಕೆ ಸಾಕು. ಎಲೆ ಇರೋ ಜಾಗದಲ್ಲಿ, ಫೋನಿನ ಮುಖ ಕಿಟಕಿ ಕಡೆ ಮಾಡಿ ಅಳೀರಿ. ಕಲಾಥಿಯಾಗೆ ಹಗಲೆಲ್ಲ 2,000 ರಿಂದ 8,000 ಲಕ್ಸ್ ಇದ್ರೆ ಚೆನ್ನ. 500ರ ಕೆಳಗಿದ್ರೆ ಬದುಕಿರುತ್ತೆ, ಬೆಳೆಯಲ್ಲ. ಬೆಳೆಯದ ಗಿಡ ನೀರು ಕುಡಿಯಲ್ಲ, ಕುಡಿಯದ ಕುಂಡ ಒಣಗಲ್ಲ. ಬೇರು ಕೊಳೆಯೋಕೆ ಅರ್ಧ ಕಾರಣ ಕತ್ತಲೆ. ಕಿಟಕಿಗೆ ಒಂದು ಮೀಟರ್ ಒಳಗೆ ತನ್ನಿ, ನೇರ ಬಿಸಿಲು ಬಿದ್ರೆ ತೆಳು ಪರದೆ ಹಾಕಿ. ದೀಪ ಆದ್ರೆ ಬಿಳಿ ಎಲ್‌ಇಡಿ ಸಾಕು, ಗಿಡದಿಂದ 30 ಸೆಂ.ಮೀ., ದಿನಕ್ಕೆ 12 ಗಂಟೆ. ನೇರಳೆ ದೀಪಕ್ಕೆ ದುಡ್ಡು ಸುರೀಬೇಡಿ.

ಹೊಸಚಿಗುರು:
ಗೊಬ್ಬರ ಯಾವಾಗ ಶುರು ಮಾಡೋದು? 19-19-19 (ಸಾರಜನಕ, ರಂಜಕ, ಪೊಟ್ಯಾಷ್ ತಲಾ ಶೇ 19 ಇರೋ ಗೊಬ್ಬರ) ಲೀಟರಿಗೆ 5 ಗ್ರಾಂ ಅಂತ ಓದಿದ್ದೆ.

ನೀರ್ಲೆಕ್ಕ:
ಅಯ್ಯೋ, 5 ಗ್ರಾಂ ಹೊಲದ ಬೆಳೆಯ ಅಳತೆ. 1 ಗ್ರಾಂ ಹಾಕಿದ್ರೇ ಲೀಟರಿಗೆ 190 ಮಿಲಿಗ್ರಾಂ ಸಾರಜನಕ ಆಯ್ತು. ಒಳಾಂಗಣದ ಕಲಾಥಿಯಾಗೆ ಲೀಟರಿಗೆ ಕಾಲು ಗ್ರಾಂ, ಬೆಳವಣಿಗೆ ಇರೋವಾಗ ಎರಡು ವಾರಕ್ಕೊಮ್ಮೆ, ಒದ್ದೆ ಮಿಶ್ರಣಕ್ಕೆ. ಬೇರು ಕೊಳೆತ ಗಿಡಕ್ಕೆ ಎರಡನೇ ಹೊಸ ಎಲೆ ಪೂರ್ತಿ ಬಿಚ್ಚೋ ತನಕ ಒಂದು ಕಾಳೂ ಬೇಡ. ಹೊಸ ಎಲೆಯೇ ಹಳದಿಯಾಗಿ ನರ ಮಾತ್ರ ಹಸಿರಿದ್ರೆ ಕಬ್ಬಿಣದ ಕೊರತೆ, ಅದಕ್ಕೂ ಹೆಚ್ಚಾಗಿ ಕಾರಣ ನೀರಿನ ಕ್ಷಾರ, ಗೊಬ್ಬರ ಸುರಿದು ಪ್ರಯೋಜನ ಇಲ್ಲ.

ಜರೀಹುಚ್ಚು:
ಚೀಲದೊಳಗೆ ಮಣ್ಣಿನ ಮೇಲೆ ಸಣ್ಣ ಕರೀ ನೊಣ ಹಾರಾಡ್ತಿದ್ರೆ? ಬಿಟಿ ಪುಡಿ (ಕೀಟದ ಮರಿ ಕೊಲ್ಲೋ ಬ್ಯಾಕ್ಟೀರಿಯಾ) ಹಾಕಿದ್ರೂ ಹೋಗಲ್ಲ ಅಂತಾರೆ.

ನುಸಿಬೇಟೆ:
ಬಿಟಿ ಅಂತ ಬರೆದಿದ್ದೆಲ್ಲ ಒಂದೇ ಅಲ್ಲ. ಕುರ್ಸ್ಟಾಕಿ ತಳಿ ಕಂಬಳಿಹುಳಕ್ಕೆ. ನೀವು ಹೇಳಿದ ಕರೀ ನೊಣ ಫಂಗಸ್ ನ್ಯಾಟ್, ಅದರ ಮರಿಗೆ ಬೇಕಾಗಿರೋದು ಇಸ್ರೇಲೆನ್ಸಿಸ್ ತಳಿ, ಸೊಳ್ಳೆ ಮರಿಗೆ ಬಳಸೋದೂ ಅದನ್ನೇ. ಚೀಟಿಯಲ್ಲಿ ಆ ಹೆಸರು ಇದೆಯಾ ನೋಡಿ ತಗೊಳ್ಳಿ. ನೀರಲ್ಲಿ ಕಲಸಿ, ಮಾಮೂಲಿ ನೀರು ಹಾಕೋ ಬದಲು ಅದನ್ನೇ ವಾರಕ್ಕೊಮ್ಮೆ, ನಾಲ್ಕು ವಾರ ಬಿಡದೆ ಹಾಕಿ. ಹಾರೋವನ್ನ ಹಳದಿ ಅಂಟುಕಾಗದ ಹಿಡಿಯುತ್ತೆ, ಅದನ್ನ ಮಣ್ಣಿನ ಮಟ್ಟದಲ್ಲೇ ಮಲಗಿಸಿಡಿ, ಅವು ಎತ್ತರಕ್ಕೆ ಹಾರಲ್ಲ.